ಟೆಂಟ್ ಹಾಕುವ ಮೊದಲು: ಹಿನ್ನೀರಿನ ಗೆಳೆಯನಿಗೊಂದು ಪತ್ರ

ಫೀನಿಕ್ಸ್, ಅರಿಜೋನಾ
ಆಗಸ್ಟ್ ತಿಂಗಳು

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜು ಬಂದಾಗ ನಾನು ನೀರಿನ ದಡದಲ್ಲೇ ಕೂತಿದ್ದೆ. ಪಕ್ಕದಲ್ಲಿ ಮಗಳು ಕಾಲು ನೆನೆಸಿಕೊಂಡು ನಿಂತಿದ್ದಳು. ನಿನ್ನ ದನಿಯ ಹಿಂದೆ ಮಳೆ ಸುರಿಯುವ ಸದ್ದು ಕೇಳಿ "ಅದೇನಪ್ಪಾ ಶಬ್ದ" ಅಂದಳು. ಇಲ್ಲಿಯ ಮರಳುಗಾಡಿನಲ್ಲಿ ಬೆಳೆದವಳಿಗೆ ಶರಾವತಿ ಹಿನ್ನೀರಿನ ದಡದ ನಮ್ಮ ತುಮರಿ ಕಡೆಯ ಮಳೆ ಹೇಗೆ ಗೊತ್ತಾಗಬೇಕು ಹೇಳು.

ಸಿಗಂದೂರಿನ ಸೇತುವೆಯಾದ ಮೇಲೆ ಜನ ಜಾಸ್ತಿ ಬರ್ತಿದ್ದಾರೆ, ತೋಟದ ಕೆಳಗಿನ ದಡದಲ್ಲಿ ನಾಲ್ಕು ಟೆಂಟ್ ಹಾಕೋಣ ಅಂತಿದ್ದೇನೆ ಅಂತ ನೀನು ಅಂದೆ. ನೀನು ಪ್ರತಿ ಬೇಸಿಗೆಗೂ ಅಲ್ಲಿಯ ಹಿನ್ನೀರಿನ ಕ್ಯಾಂಪಿಗೆ ಹೋಗ್ತೀಯಲ್ಲ, ಅವರು ಏನೇನು ಇಟ್ಟಿರ್ತಾರೆ, ಮೊದಲು ಯಾವ ಬೋಟ್ ತಗೊಳ್ಳಲಿ ಅಂತಲೂ ಕೇಳಿದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ. ಹಿನ್ನೀರಿನ ದಡದಲ್ಲಿ ಇದೇ ಯೋಚನೆಯಲ್ಲಿರುವವರು ಇನ್ನೂ ಎಷ್ಟೋ ಜನ ಇರುತ್ತಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕಿದ್ದೇನೆ.

ನಾವು ಹೋಗುವುದು ವಾಹ್ವೀಪ್ ಅನ್ನುವ ಜಾಗಕ್ಕೆ. ಫೀನಿಕ್ಸಿನಿಂದ ಉತ್ತರಕ್ಕೆ ನಾಲ್ಕೂವರೆ ತಾಸಿನ ದಾರಿ, ಪೇಜ್ ಅನ್ನುವ ಊರಿನ ಪಕ್ಕ. ಕೊಲರಾಡೊ ನದಿಗೆ ಕಟ್ಟಿದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿನ್ನೀರು ಅದು, ಹೆಸರು ಲೇಕ್ ಪವೆಲ್. 1869ರಲ್ಲಿ ಒಂದೇ ಕೈಯಿದ್ದ ಜಾನ್ ವೆಸ್ಲಿ ಪವೆಲ್ ಅನ್ನುವವರು ದೋಣಿಯಲ್ಲಿ ಆ ಕಣಿವೆಯುದ್ದಕ್ಕೂ ಹೋಗಿ ಬಂದರಂತೆ, ಅವರ ಹೆಸರು ಇಟ್ಟಿದ್ದಾರೆ. ಅಣೆಕಟ್ಟು 710 ಅಡಿ ಎತ್ತರ. ನೀರು ನಿಲ್ಲಿಸಲು ಶುರು ಮಾಡಿದ್ದು 1963ರಲ್ಲಿ. ನಮ್ಮ ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಮೊದಲ ಸಲ ಅಣೆಕಟ್ಟಿನ ಬಳಿ ಈ ಇಸವಿ ಓದಿದಾಗ ಮೈ ಜುಮ್ಮೆಂದಿತ್ತು. ನಮ್ಮ ಅಜ್ಜಯ್ಯ ಮನೆಯ ಹೆಂಚು ಇಳಿಸಿ ಗಾಡಿಗೆ ಹೇರುತ್ತಿದ್ದ ಕಾಲಕ್ಕೇ ಭೂಮಿಯ ಈ ಕಡೆಯಲ್ಲೂ ಒಂದು ಕಣಿವೆಗೆ ನೀರು ಏರುತ್ತಿತ್ತು.

ಇಲ್ಲಿಯವರಿಗೂ ಮುಳುಗಡೆಯ ನೆನಪಿದೆ. ದಕ್ಷಿಣದ ದಡ ಇಲ್ಲಿಯ ಮೂಲನಿವಾಸಿಗಳಾದ ನವಾಹೊ ಜನರದ್ದು. ರೇನ್‌ಬೋ ಬ್ರಿಜ್ ಅಂತ 290 ಅಡಿ ಎತ್ತರದ ಕಲ್ಲಿನ ಕಮಾನೊಂದಿದೆ, ಅವರಿಗೆ ಅದು ದೇವರ ಜಾಗ. ಮೊದಲು ದಿನಗಟ್ಟಲೆ ನಡೆದು ಹೋಗಬೇಕಿದ್ದ ಅಲ್ಲಿಗೆ ಈಗ ಬೋಟಿನಲ್ಲಿ ಜನ ಬರುತ್ತಾರೆ. ಸಿಗಂದೂರಿನ ಕತೆಯೂ ಸುಮಾರು ಹೀಗೆಯೇ ಅಲ್ಲವೇ, ನೀರು ಬಂದ ಮೇಲೆ ಲಾಂಚ್, ಲಾಂಚಿನ ಮೇಲೆ ಊರೂರಿನ ಜನ.

ಸರಿ, ನೀನು ಕೇಳಿದ್ದಕ್ಕೆ ಬರುತ್ತೇನೆ.

ಕ್ಯಾಂಪಿನ ಜಾಗ ನೀರಿಗಿಂತ ಮೇಲೆ, ಗುಡ್ಡದ ಓರೆಯಲ್ಲಿದೆ. ಒಂದೊಂದು ಟೆಂಟಿಗೂ ನಂಬರು ಹಾಕಿದ ಜಾಗ, ಅಲ್ಲೊಂದು ಮೇಜು ಬೆಂಚು, ಬೆಂಕಿ ಹಾಕಲು ಕಬ್ಬಿಣದ ಬಳೆ. ಬೆಂಕಿ ಆ ಬಳೆಯ ಒಳಗೇ ಇರಬೇಕು, ಒಣಗಾಳಿಯ ದಿನಗಳಲ್ಲಿ ಅದಕ್ಕೂ ನಿಷೇಧ. ಮನೆಯಂಥ ವ್ಯಾನು ತರುವವರ ಜಾಗಕ್ಕೆ ಕರೆಂಟು, ನೀರು, ಕೊಳಚೆ ಬಿಡುವ ಪೈಪು. ಎಲ್ಲರಿಗೂ ಸೇರಿ ಬಿಸಿನೀರಿನ ಬಚ್ಚಲು, ಬಟ್ಟೆ ಒಗೆಯುವ ಯಂತ್ರ, ಐಸು ಮತ್ತು ಬ್ರೆಡ್ಡು ಸಿಗುವ ಸಣ್ಣ ಅಂಗಡಿ. ರಾತ್ರಿ ಹತ್ತಾದ ಮೇಲೆ ಗಲಾಟೆ ಮಾಡುವಂತಿಲ್ಲ. ಇಷ್ಟೇ. ಐಷಾರಾಮು ಅನ್ನುವಂಥದ್ದು ಯಾವುದೂ ಇಲ್ಲ. ಆದರೆ ಸಣ್ಣ ಮಗುವನ್ನು ಎತ್ತಿಕೊಂಡು ರಾತ್ರಿ ಎರಡಕ್ಕೆ ಶೌಚಾಲಯಕ್ಕೆ ಹೋದರೂ ಅದು ಒಣಗಿರುತ್ತದೆ, ದೀಪ ಉರಿಯುತ್ತಿರುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ. ಹೆಂಗಸರು ಎರಡನೇ ಸಲ ಬರಬೇಕೋ ಬೇಡವೋ ಅನ್ನುವುದು ಇದರ ಮೇಲೇ ನಿಂತಿದೆ. ನಮ್ಮ ಜೊತೆ ಬರುವ ಮೂರು ಕನ್ನಡದ ಮನೆಗಳಲ್ಲಿ ಜಾಗ ಒಪ್ಪುವುದೂ ಬಿಡುವುದೂ ಅವರೇ. ನಿನ್ನ ದುಡ್ಡಿನಲ್ಲಿ ಮೊದಲ ಪಾಲು ಬಚ್ಚಲಿಗೆ ಹೋಗಲಿ.

ಒಂದು ಮಜಾ ಕೇಳು. ಮರೀನಾ, ಅಂದರೆ ಬೋಟು ಕಟ್ಟುವ ಜಾಗ, ಇರುವುದು ಅರಿಜೋನಾದಲ್ಲಿ, ಸ್ವಲ್ಪ ಮುಂದೆ ಹೋದರೆ ಯೂಟಾ. ಬೇಸಿಗೆಯಲ್ಲಿ ಯೂಟಾದವರು ಗಡಿಯಾರ ಒಂದು ತಾಸು ಮುಂದಿಡುತ್ತಾರೆ, ಅರಿಜೋನಾದವರು ಮುಟ್ಟುವುದಿಲ್ಲ. ಲೋನ್ ರಾಕ್ ಅನ್ನುವ ಮರಳು ದಂಡೆಗೆ ಹೋಗಿ ಬರುವಷ್ಟರಲ್ಲಿ ಫೋನಿನ ಗಂಟೆ ಆಚೆ ಈಚೆ ಹಾರುತ್ತಿರುತ್ತದೆ. ಮಗಳಿಗೆ ಅದೇ ಒಂದು ಆಟ.

ಬೆಳಿಗ್ಗೆ ಆರಕ್ಕೆ ನೀರು ಕನ್ನಡಿಯ ಹಾಗಿರುತ್ತದೆ. ಕಯಾಕ್ ಅನ್ನುವ ಕಿರಿದಾದ ಹುಟ್ಟಿನ ದೋಣಿ ಮತ್ತು ಪ್ಯಾಡಲ್‌ಬೋರ್ಡಿಗೆ ಅದೇ ಹೊತ್ತು. ಪ್ಯಾಡಲ್‌ಬೋರ್ಡ್ ಅಂದರೆ ನಿಂತುಕೊಂಡು ಹುಟ್ಟು ಹಾಕುವ ಹಲಗೆ, ನಾಲ್ಕು ವರ್ಷದವರಿಂದ ಎಪ್ಪತ್ತರವರೆಗೆ ಎಲ್ಲರೂ ಹತ್ತುತ್ತಾರೆ. ಹತ್ತು ಗಂಟೆಗೆ ಬಿಸಿಲು ಏರುತ್ತದೆ, ಜುಲೈಯಲ್ಲಿ 36 ಡಿಗ್ರಿ ಮಾಮೂಲು. ಆಗ ಮಕ್ಕಳು ನೀರು ಬಿಟ್ಟು ಬರುವುದಿಲ್ಲ. ಮೀನು ಹಿಡಿಯುವವರು ಬೇರೆ ಇದ್ದಾರೆ, ನಮಗೆ ಆ ದಾರಿ ಗೊತ್ತಿಲ್ಲ. ಮಧ್ಯಾಹ್ನ ಮರದ ನೆರಳು ಅಂತ ಇರುವುದಿಲ್ಲ, ತಾಡಪಾಲಿನ ಕೆಳಗೆ ಚಿತ್ರಾನ್ನ, ಮೊಸರನ್ನ, ನೀನು ಕಳಿಸಿದ ಅಪ್ಪೆಮಿಡಿ. ಈ ವರ್ಷದ ಜಾಡಿ ಇಲ್ಲೇ ಖಾಲಿಯಾಯಿತು.

ಮಧ್ಯಾಹ್ನದ ನಂತರ ಗಾಳಿ ಏಳುತ್ತದೆ. ಇದನ್ನು ಸರಿಯಾಗಿ ಕೇಳಿಸಿಕೋ.

ಎರಡು ವರ್ಷದ ಹಿಂದೆ ಮಗಳು ಗಾಳಿ ತುಂಬಿದ ಟ್ಯೂಬಿನ ಮೇಲೆ ಮಲಗಿದ್ದಳು. ದಡದಿಂದ ಹತ್ತು ಮಾರು ದೂರ. ನಾನು ತಟ್ಟೆ ತೊಳೆದು ತಲೆ ಎತ್ತುವಷ್ಟರಲ್ಲಿ ಅವಳು ಐವತ್ತು ಮಾರು ಆಚೆ. ಈಜಿಕೊಂಡು ಹಿಂದೆ ಹೋದೆ. ನಾನು ಎಷ್ಟು ಈಜಿದರೂ ಟ್ಯೂಬು ಅಷ್ಟೇ ಮುಂದೆ ಸರಿಯುತ್ತಿತ್ತು. ಹಗುರವಾದ ಟ್ಯೂಬು ಗಾಳಿಗೆ ಪಟದ ಹಾಗೆ ಓಡುತ್ತದೆ, ಮನುಷ್ಯನ ತೋಳು ಅದನ್ನು ಹಿಡಿಯಲಾರದು. ಅಷ್ಟರಲ್ಲಿ ಅವಳು ಹೆದರಿ ನೀರಿಗೆ ಜಾರಿದಳು. ಮೈಮೇಲೆ ಲೈಫ್ ಜಾಕೆಟ್ ಇತ್ತು, ತೇಲುತ್ತಾ ನಿಂತಳು. ಯಾರೋ ಒಬ್ಬ ಮುದುಕರು ಬೋಟು ತಿರುಗಿಸಿ ಬಂದು ಎತ್ತಿ ಕೂರಿಸಿಕೊಂಡರು, ನನ್ನನ್ನೂ ಹತ್ತಿಸಿಕೊಂಡರು. ದಡ ಸೇರಿದ ಮೇಲೂ ತುಂಬ ಹೊತ್ತು ನನಗೆ ಮಾತೇ ಬರಲಿಲ್ಲ.

ಇಲ್ಲಿ ಬೋಟು ಓಡುವಾಗ 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ಮೈಮೇಲೆ ಜಾಕೆಟ್ ಇರಲೇಬೇಕು, ಅದು ಕಾನೂನು. ಈ ದೇಶದ ಬಹಳಷ್ಟು ಕೆರೆದಂಡೆಗಳಲ್ಲಿ ಒಂದು ಹಲಗೆ ನೆಟ್ಟು ಅದರ ಮೊಳೆಗಳಿಗೆ ಬೇರೆ ಬೇರೆ ಅಳತೆಯ ಜಾಕೆಟ್ ತೂಗುಹಾಕಿರುತ್ತಾರೆ. ದುಡ್ಡಿಲ್ಲ, ಸಹಿಯಿಲ್ಲ. ಬೇಕಾದವರು ತೊಟ್ಟುಕೊಂಡು ಹೋಗಿ ಸಂಜೆ ತಂದು ತೂಗುಹಾಕುತ್ತಾರೆ. ಆ ಹಲಗೆಯ ಮುಂದೆ ನಿಂತಾಗಲೆಲ್ಲ ನಮ್ಮ ಉಕ್ಕಡ, ಆ ಸಣ್ಣ ದೋಣಿ, ಕಣ್ಣಮುಂದೆ ಬರುತ್ತದೆ. ಜುಲೈ ಮಳೆಯಲ್ಲಿ ಪಾಟಿಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೈಸ್ಕೂಲಿಗೆ ದಾಟುತ್ತಿದ್ದೆವಲ್ಲ, ಒಂದು ಉಕ್ಕಡದಲ್ಲಿ ಒಂಬತ್ತು ಹುಡುಗರು. ಚೀಲ ನೆನೆಯಬಾರದು ಅಂತ ಅಮ್ಮ ಅಷ್ಟು ಕಾಳಜಿ ಮಾಡುತ್ತಿದ್ದಳು. ನಾವು ನೀರಿಗೆ ಬಿದ್ದರೆ ಏನು ಅನ್ನುವುದಕ್ಕೆ ಯಾರ ಹತ್ತಿರವೂ ಏನೂ ಇರಲಿಲ್ಲ.

ಬೋಟ್ ಯಾವುದು ಅಂತ ಕೇಳಿದೆಯಲ್ಲ. ಮೊದಲು ಇಪ್ಪತ್ತು ಜಾಕೆಟ್ ತಗೋ, ಅದರಲ್ಲಿ ಎಂಟು ಮಕ್ಕಳ ಅಳತೆಯದ್ದು. ಮಕ್ಕಳದ್ದಕ್ಕೆ ಕಾಲಿನ ನಡುವೆ ಹಾದುಹೋಗುವ ಪಟ್ಟಿ ಇರಲಿ, ಇಲ್ಲದಿದ್ದರೆ ಜಾಕೆಟ್ ಮೇಲೆ ಉಳಿದು ಮಗು ಕೆಳಗೆ ಜಾರುತ್ತದೆ. ತೊಡಿಸಿದ ಮೇಲೆ ಭುಜ ಹಿಡಿದು ಎತ್ತಿ ನೋಡು, ಗಲ್ಲ ದಾಟಿ ಮೇಲೆ ಬಂದರೆ ಅದು ದೊಡ್ಡದಾಯಿತು ಅಂತ ಅರ್ಥ. ಗಾಳಿ ಎದ್ದ ಮೇಲೆ ಟ್ಯೂಬುಗಳನ್ನೆಲ್ಲ ದಡಕ್ಕೆ ಎಳೆದು ಕಟ್ಟಿಹಾಕು.

ಇನ್ನು ದಡದ ವಿಷಯ. ಈ ಸರೋವರ ಮೊದಲ ಸಲ ಪೂರ್ತಿ ತುಂಬಿದ್ದು 1980ರಲ್ಲಿ. ಆಮೇಲೆ ಬರಗಾಲ ಬಂತು, ನದಿಯ ನೀರು ಹಂಚಿಕೊಳ್ಳುವವರು ಹೆಚ್ಚಾದರು. 2023ರ ಏಪ್ರಿಲ್‌ನಲ್ಲಿ ನೀರು ತುಂಬಿದ ಮಟ್ಟಕ್ಕಿಂತ ಸುಮಾರು 180 ಅಡಿ ಕೆಳಗಿತ್ತು. ಕೆಂಪು ಬಂಡೆಯ ಮೇಲೆ ಎಲ್ಲಿಯವರೆಗೆ ನೀರಿತ್ತು ಅನ್ನುವುದಕ್ಕೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟಿ ಉಳಿದಿದೆ. ಬೋಟು ಇಳಿಸುವ ಕಾಂಕ್ರೀಟಿನ ಇಳಿಜಾರು ನೀರು ಮುಟ್ಟದೆ ನಿಂತು, ಅದನ್ನು ಕೆಳಕ್ಕೆ ಕೆಳಕ್ಕೆ ಉದ್ದ ಮಾಡುತ್ತಾ ಹೋಗಬೇಕಾಯಿತು. ಕೆಲವು ಮುಚ್ಚಿಯೇ ಹೋದವು. ಮರೀನಾ ಮಾತ್ರ ಉಳಿದದ್ದು ಅದು ತೇಲುವುದರಿಂದ. ಪೆಟ್ರೋಲ್ ಹಾಕುವ ಜಾಗ, ಅಂಗಡಿ, ಬೋಟು ಕಟ್ಟುವ ಸಾಲುಗಳು ಎಲ್ಲವೂ ನೀರಿನ ಮೇಲೇ ಇವೆ. ಉಕ್ಕಿನ ಹಗ್ಗದಿಂದ ಬಿಗಿದಿರುತ್ತಾರೆ, ನೀರು ಇಳಿದ ಹಾಗೆ ಹಗ್ಗ ಸರಿಪಡಿಸಿ ಜರುಗಿಸುತ್ತಾರೆ.

ನಿನಗೆ ಇದು ಹೊಸದಲ್ಲ. ಮೇ ತಿಂಗಳಲ್ಲಿ ನೀರು ಇಳಿದು ಲಾಂಚಿಗೆ ವಾಹನ ಹತ್ತಿಸದೆ ನಿಲ್ಲಿಸುತ್ತಿದ್ದದ್ದು, ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಎದ್ದು ನಿಲ್ಲುತ್ತಿದ್ದದ್ದು ನೋಡಿಯೇ ಬೆಳೆದವರು ನಾವು. ಆದರೂ ಅಕ್ಟೋಬರಿನ ನೀರು ನೋಡಿ ಕಟ್ಟೆ ಕಟ್ಟಿಬಿಡುವ ಆಸೆ ಬರುತ್ತದೆ. ಬೇಡ ಮಾರಾಯ. ಕಲ್ಲು ಸಿಮೆಂಟು ಬೇಡವೇ ಬೇಡ, ತೇಲುವ ಕಟ್ಟೆ ಮಾಡಿಸು.

ಆ ಕಟ್ಟೆಗೆ ಮನೆಯಿಂದ ವೈರು ಎಳೆದು ದೀಪದ ಸರ ಹಾಕುತ್ತೇನೆ ಅಂದೆಯಲ್ಲ, ಅದು ಕೇಳಿ ನನಗೆ ಭಯವಾಯಿತು. ಇಲ್ಲಿ ಬೋಟು ಕಟ್ಟುವ ಜಾಗದಲ್ಲಿ ಈಜುವುದಕ್ಕೆ ಬಿಡುವುದಿಲ್ಲ. ಬೋಟುಗಳ ಓಡಾಟ ಒಂದು ಕಾರಣ, ಕರೆಂಟು ಇನ್ನೊಂದು. ಸಿಹಿನೀರಿಗಿಂತ ಮನುಷ್ಯನ ಮೈಯಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ. ಎಲ್ಲೋ ವೈರು ಸವೆದು ನೀರಿಗೆ ಸ್ವಲ್ಪ ಸೋರಿದರೂ ಸಾಕು, ಹತ್ತಿರ ಈಜುವವನ ಕೈಕಾಲು ಮರಗಟ್ಟಿ ಮುಳುಗುತ್ತಾನೆ. ಚೆನ್ನಾಗಿ ಈಜು ಬರುವವರೂ ಹೀಗೆ ಹೋಗಿದ್ದಾರೆ, ಹಿಂದೆ ಹಾರಿದವರೂ ಹೋಗಿದ್ದಾರೆ. ನಿನಗೆ ಸೋಲಾರಿನ 12 ವೋಲ್ಟ್ ದೀಪ ಸಾಕು. ಜನರೇಟರನ್ನು ಅಂತೂ ತೇಲುವ ಯಾವುದರ ಮೇಲೂ ಇಡಬೇಡ. 2000ನೇ ಇಸವಿಯಲ್ಲಿ ಇದೇ ಸರೋವರದಲ್ಲಿ ಇಬ್ಬರು ಅಣ್ಣತಮ್ಮ, ಚಿಕ್ಕ ಹುಡುಗರು, ಹೌಸ್‌ಬೋಟಿನ ಹಿಂಬದಿಯ ಪೊಟರೆಯಲ್ಲಿ ತುಂಬಿದ್ದ ಜನರೇಟರ್ ಹೊಗೆಯಿಂದ ಪ್ರಾಣ ಬಿಟ್ಟರು. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮೇಲೆಯೇ ಹೊಗೆಯ ಕೊಳವೆ ಎಲ್ಲಿರಬೇಕು ಅನ್ನುವ ವಿಚಾರಣೆ ಶುರುವಾದದ್ದು.

ಇಲ್ಲಿಂದ ಹೊರಡುವಾಗ ಬೋಟಿನ ತಳದ ಬಿರಡೆ ತೆಗೆದು ನೀರು ಪೂರ್ತಿ ಬಸಿದು, ತೊಳೆದು, ಒಣಗಿಸಬೇಕು. ಕ್ವಾಗಾ ಅನ್ನುವ ಪುಟ್ಟ ಚಿಪ್ಪುಜೀವಿ ಈ ನೀರನ್ನು ಸೇರಿಬಿಟ್ಟಿದೆ. ಪೈಪಿನೊಳಗೆ, ಇಂಜಿನ್ನಿನೊಳಗೆ ಲಕ್ಷಗಟ್ಟಲೆ ಅಂಟಿ ಕೂರುತ್ತದೆ, ಬೋಟಿನ ಹನಿ ನೀರಿನಲ್ಲಿ ಇನ್ನೊಂದು ಕೆರೆಗೆ ಹೋಗುತ್ತದೆ. ಎಲ್ಲಿಂದಲೋ ಹಳೆಯ ಬೋಟು ತರಿಸುವುದಾದರೆ ನೀನೂ ವಾರಗಟ್ಟಲೆ ಬಿಸಿಲಿಗಿಟ್ಟು ಆಮೇಲೆ ಶರಾವತಿಗೆ ಇಳಿಸು.

ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಬೈಕಿನಂಥದ್ದು, ಬೇಡ ಅಂತ ನನ್ನ ಅಭಿಪ್ರಾಯ. ಇಲ್ಲಿ ಅದರ ಕಿರಿಚಾಟದಲ್ಲಿ ಮಧ್ಯಾಹ್ನವೆಲ್ಲ ಮಾತು ಕೇಳಿಸುವುದಿಲ್ಲ. ಈ ನೀರು ತುಂಬಿದಾಗ 186 ಮೈಲಿ ಉದ್ದ, ಆ ಸದ್ದನ್ನು ಹೇಗೋ ನುಂಗಿಕೊಳ್ಳುತ್ತದೆ. ನಿನ್ನ ತೋಟದ ಎದುರಿನ ಗುಡ್ಡದಲ್ಲಿ ಸಿಂಗಳೀಕಗಳಿವೆ, ಆ ಕಾಡು ಅಭಯಾರಣ್ಯಕ್ಕೆ ಸೇರಿದ್ದು. ಅರಣ್ಯ ಇಲಾಖೆಯ ಅನುಮತಿ ಎಲ್ಲಿಂದ ಬೇಕಾಗುತ್ತದೆ ಅಂತ ಈಗಲೇ ಸಾಗರಕ್ಕೆ ಹೋಗಿ ವಿಚಾರಿಸು. ಎರಡು ಕಯಾಕ್, ಎರಡು ಪ್ಯಾಡಲ್‌ಬೋರ್ಡ್, ನಿಮ್ಮ ಅಪ್ಪಯ್ಯನ ಉಕ್ಕಡ, ಮತ್ತು ಯಾರಾದರೂ ಗಾಳಿಗೆ ಸಿಕ್ಕರೆ ಹಿಂದೆ ಓಡಲು ಮೋಟಾರಿನ ಒಂದು ದೋಣಿ. ಆ ದೋಣಿ ಬಾಡಿಗೆಗೆ ಹೋಗಬಾರದು, ಯಾವಾಗಲೂ ದಡದಲ್ಲೇ ಇರಬೇಕು.

ರಾತ್ರಿ ನಾವು ಟೆಂಟಿನ ಹೊರಗೆ ಚಾಪೆ ಹಾಸಿ ಮಲಗುತ್ತೇವೆ. ಆಕಾಶಗಂಗೆ ಒಂದು ಬಂಡೆಯಿಂದ ಇನ್ನೊಂದು ಬಂಡೆಯವರೆಗೆ ಕಾಣಿಸುತ್ತದೆ. ಮೊನ್ನೆ ಮಗಳು "ಈ ನೀರಿನ ಕೆಳಗೆ ಏನಿದೆ" ಅಂತ ಕೇಳಿದಳು. ಕಣಿವೆ, ಹಳೆಯ ಜನರ ದಾರಿಗಳು, ಅವರು ಕಲ್ಲಿನಲ್ಲಿ ಕೆತ್ತಿದ ಚಿತ್ರಗಳು ಅಂದೆ. "ನಿಮ್ಮೂರಿನ ನೀರಿನ ಕೆಳಗೆ?" ಅಂದಳು. ಅಜ್ಜಯ್ಯನ ಗದ್ದೆ, ಬಾವಿಕಟ್ಟೆ, ಹಲಸಿನ ಮರ ಅಂತ ಒಂದೊಂದಾಗಿ ಹೇಳುತ್ತಾ ಹೋದೆ. ನಿದ್ದೆ ಬರುವವರೆಗೂ ಕೇಳಿದಳು.

ಡಿಸೆಂಬರಿನಲ್ಲಿ ನಾವು ಮೂವರೂ ಬರುತ್ತಿದ್ದೇವೆ. ಮಕ್ಕಳ ಜಾಕೆಟ್ ನಾಲ್ಕು ನನ್ನ ಪೆಟ್ಟಿಗೆಯಲ್ಲಿ ಬರುತ್ತವೆ, ಅದನ್ನು ಲೆಕ್ಕ ಬಿಟ್ಟು ಉಳಿದದ್ದು ತಗೋ. ಅಲ್ಲಿಯವರೆಗೆ ನೀನು ಒಂದು ಕೆಲಸ ಮಾಡು. ನೀರು ತುಂಬಿ ನಿಂತ ದಿನ ದಡದಲ್ಲಿ ಒಂದು ಗೂಟ ಹೊಡೆ. ಆಮೇಲೆ ಪ್ರತಿ ತಿಂಗಳ ಒಂದನೇ ತಾರೀಕು ನೀರು ಎಲ್ಲಿದೆಯೋ ಅಲ್ಲಿ ಇನ್ನೊಂದು. ನಾಲ್ಕು ಟೆಂಟೂ ಮೊದಲ ಗೂಟಕ್ಕಿಂತ ಮೇಲೇ ಇರಲಿ. ತೇಲುಕಟ್ಟೆಯ ಹಗ್ಗ ಎಷ್ಟು ಉದ್ದ ಬೇಕು ಅನ್ನುವುದನ್ನು ಮೇ ತಿಂಗಳ ಗೂಟ ಹೊಡೆದ ಮೇಲೆ ಅಳೆಯೋಣ.

ಅಪ್ಪಯ್ಯ ಅಮ್ಮನಿಗೆ ನಮಸ್ಕಾರ ಹೇಳು. ಉಕ್ಕಡಕ್ಕೆ ಈ ವರ್ಷ ಎಣ್ಣೆ ಹಚ್ಚಿದೆಯಾ?

ನಿನ್ನ,
ಆಚೆ ದಡದ ಗೆಳೆಯ