ಸೊಂಟ ಹಿಡಿದುಕೊಂಡವನಿಗೆ ದೊಡ್ಡಮ್ಮನ ಕಾಗದ

ಬರ್ಮಿಂಗ್‌ಹ್ಯಾಮ್, ನವೆಂಬರ್ 9

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಎಡಗಡೆ ಸೊಂಟ, ಬೆಳಗ್ಗೆ ಕಾಲುಚೀಲ ಹಾಕಿಕೊಳ್ಳಲು ಬಗ್ಗಿದರೆ ಹಿಡಿದುಕೊಳ್ಳುತ್ತೆ, ಹತ್ತು ನಿಮಿಷ ಓಡಾಡಿದರೆ ಸಡಿಲವಾಗುತ್ತೆ, ಮಧ್ಯಾಹ್ನದ ಮೀಟಿಂಗ್ ಮುಗಿಸಿ ಏಳುವಾಗ ಮತ್ತೆ ಮುದುಕನ ಹಾಗೆ. ಇಷ್ಟು ಬರೆದು "ಆಸ್ಟಿಯೋಪತ್ ಹತ್ರ ಹೋಗ್ಲಾ ದೊಡ್ಡಮ್ಮ?" ಅಂತ ಕೇಳಿದ್ದೀಯ. ಹೋಗು. ಆದರೆ ಸ್ನಾಯು, ಕೀಲುಗಳನ್ನು ಕೈಯಿಂದಲೇ ಒತ್ತಿ, ಎಳೆದು, ಆಡಿಸಿ ಚಿಕಿತ್ಸೆ ಮಾಡುವ ಈ ಆಸ್ಟಿಯೋಪತ್‌ಗಳ ಹತ್ತಿರ ಏನು ಸಿಗುತ್ತೆ, ಏನು ಸಿಗಲ್ಲ ಅನ್ನುವುದು ತಿಳಿದಿರಲಿ. ಇಲ್ಲದಿದ್ದರೆ ಎಂಟು ಸಲ ದುಡ್ಡು ತೆತ್ತು, ಸೊಂಟ ಮಾತ್ರ ಹಾಗೇ ಇಟ್ಟುಕೊಂಡು ಬರುತ್ತೀಯ.

ಮೊದಲು, ಯಾವಾಗ ಹೋಗಲೇಬಾರದು ಅನ್ನುವುದು. ಮಲಮೂತ್ರದ ಹತೋಟಿ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ಸೈಕಲ್ ಸೀಟು ತಾಗುವ ಜಾಗವೆಲ್ಲ ಮರಗಟ್ಟಿದರೆ, ಎರಡೂ ಕಾಲು ಸೋತರೆ, ಅದು ಬೆನ್ನುಹುರಿಯ ತುದಿಯ ನರಗಳ ಗೊಂಚಲು ಅದುಮಿಕೊಂಡಿರುವ ಲಕ್ಷಣ. ಯಾರ ಕೈಚಳಕಕ್ಕೂ ಕಾಯದೆ, ರಾತ್ರಿಯಾಗಿದ್ದರೂ ಸರಿ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ತಡವಾದರೆ ಆ ನರಗಳು ಮತ್ತೆ ಚೇತರಿಸಿಕೊಳ್ಳದೆಯೂ ಇರಬಹುದು.

ನಮ್ಮವರು ಇನ್ನೂ ಮೂರು ವಿಷಯ ನೆನಪಿನಲ್ಲಿಡಬೇಕು. ಒಂದು, ಬೆನ್ನುಮೂಳೆಯ ಕ್ಷಯ. ವಾರದಿಂದ ವಾರಕ್ಕೆ ಏರುತ್ತಾ ಹೋಗುವ ನೋವು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ರಕ್ತಪರೀಕ್ಷೆ, ಸ್ಕ್ಯಾನ್ ಆಗಬೇಕು. ಅಂಥ ಮೂಳೆಯನ್ನು ಒತ್ತಿ ತಿರುಗಿಸುವುದು ಅಪಾಯ. ಎರಡು, ವಿಟಮಿನ್ ಡಿ. ಈ ಮೋಡದ ದೇಶದಲ್ಲಿ, ನಮ್ಮ ಬಣ್ಣದ ಚರ್ಮಕ್ಕೆ, ಇಡೀ ದಿನ ಒಳಗೇ ಕೂರುವವರಿಗೆ ಅದು ಸಾಕಷ್ಟು ಸಿಗಲ್ಲ. ತೊಡೆ, ಪಕ್ಕೆ, ಸೊಂಟ ಎಲ್ಲಾ ಕಡೆ ಮಂದವಾದ ನೋವು, ನೆಲದಿಂದ ಏಳಲು ಕಷ್ಟ. ಇದನ್ನು ಎಷ್ಟು ನೀವಿದರೂ ಹೋಗಲ್ಲ. ದಕ್ಷಿಣ ಏಷ್ಯಾ ಮೂಲದವರು ವರ್ಷಪೂರ್ತಿ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್, ತೆಗೆದುಕೊಳ್ಳುವುದನ್ನು ಯೋಚಿಸಿ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುತ್ತೆ. ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತೆ, ನಾಳೆಯೇ ತಗೋ. ಮೂರು, ಉರಿಯೂತದ ಬೆನ್ನುನೋವು. ನಲವತ್ತರೊಳಗೆ ಶುರುವಾಗಿ ಮೂರು ತಿಂಗಳು ದಾಟಿದೆ, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು, ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ, ರಾತ್ರಿಯ ಎರಡನೇ ಅರ್ಧದಲ್ಲಿ ಎಚ್ಚರ ಮಾಡಿಸುತ್ತೆ ಅಂದರೆ ಜಿಪಿಯ (ಇಲ್ಲಿನ ಕುಟುಂಬ ವೈದ್ಯರ) ಮೂಲಕ ಸಂಧಿವಾತ ತಜ್ಞರನ್ನು ಕಾಣಬೇಕು. ನಿನ್ನದು ಹತ್ತು ನಿಮಿಷಕ್ಕೆ ಸಡಿಲವಾಗುತ್ತೆ, ಕೂತಾಗಲೇ ಹೆಚ್ಚು. ಅಷ್ಟರಿಂದ ಇದು ಸಾದಾ ಸೊಂಟದ ಹಿಡಿತವೆಂದೇ ಕಾಣುತ್ತೆ. ಕಾಗದದಲ್ಲಿ ರೋಗ ತೀರ್ಮಾನಿಸಬಾರದು, ಆದ್ದರಿಂದ "ಕಾಣುತ್ತೆ" ಅಂದೆ.

ಈಗ ಯಾರ ಹತ್ತಿರ ಹೋಗುವುದು? ಬ್ರಿಟನ್ನಿನಲ್ಲಿ ಇದು ಸುಲಭ. 1993ರ ಆಸ್ಟಿಯೋಪತ್ಸ್ ಕಾಯ್ದೆಯ ಪ್ರಕಾರ ಜನರಲ್ ಆಸ್ಟಿಯೋಪತಿಕ್ ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರಿಲ್ಲದವರು ಆ ಬೋರ್ಡು ಹಾಕಿಕೊಳ್ಳುವುದೇ ಅಪರಾಧ. ಕೌನ್ಸಿಲ್‌ನ ಜಾಲತಾಣದಲ್ಲಿ ಹೆಸರು ಹಾಕಿದರೆ ನಿಮಿಷದಲ್ಲಿ ತಿಳಿಯುತ್ತೆ. ಎನ್‌ಎಚ್‌ಎಸ್‌ನಲ್ಲಿ ಸಿಗುವುದು ಅಪರೂಪ, ಹೆಚ್ಚಿನವರು ಖಾಸಗಿ. ಊರಿನಿಂದ ಊರಿಗೆ ಫೀಸು ಬೇರೆ, ಸಾಮಾನ್ಯವಾಗಿ ಒಂದು ಸಲಕ್ಕೆ 50ರಿಂದ 80 ಪೌಂಡ್. ಕಂಪನಿಯ ಆರೋಗ್ಯ ವಿಮೆ ಭರಿಸುತ್ತಾ ಅಂತ ಮೊದಲೇ ಕೇಳಿಕೋ. ಇವರು ಇಲ್ಲಿ ಎಂ.ಬಿ.ಬಿ.ಎಸ್. ಮಾಡಿದ ವೈದ್ಯರಲ್ಲ, ಔಷಧಿ ಬರೆಯುವಂತಿಲ್ಲ. ಅಮೆರಿಕದಲ್ಲಿ ಹೆಸರಿನ ಮುಂದೆ ಡಿ.ಓ. ಅಂತಿದ್ದರೆ ಅವರು ಶಸ್ತ್ರಕ್ರಿಯೆಯನ್ನೂ ಮಾಡಬಲ್ಲ ಪೂರ್ಣ ವೈದ್ಯರು. ಹೆಸರು ಒಂದೇ ಬೇರಿನದು, ಕೆಲಸ ಬೇರೆ. ಡಲ್ಲಾಸ್‌ನಲ್ಲಿರುವ ನಿನ್ನ ತಂಗಿಯ ಜೊತೆ ಮಾತಾಡುವಾಗ ಈ ಗೊಂದಲ ಬರದಿರಲಿ.

ಆ ಬೇರು ಯಾವುದು ಅಂತಲೂ ಹೇಳುತ್ತೇನೆ, ಯಾಕೆಂದರೆ ಈಗಲೂ ಕೇಳುವ ಕೆಲವು ಹಳಸಲು ಮಾತು ಅಲ್ಲಿಂದಲೇ ಬಂದದ್ದು. ಆಂಡ್ರ್ಯೂ ಟೇಲರ್ ಸ್ಟಿಲ್ ಅನ್ನುವ ವೈದ್ಯ 1874ರಲ್ಲಿ ಈ ಪದ್ಧತಿಯನ್ನು ಸಾರಿದ. 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದ. ಮೂಳೆಗಳು ಜಾಗ ತಪ್ಪಿ ರಕ್ತದ ಹರಿವು ತಡೆದರೆ ರೋಗ ಬರುತ್ತೆ ಅನ್ನುವುದು ಅವನ ನಂಬಿಕೆ. ಇಂದು ಅದನ್ನು ಹಾಗೇ ಒಪ್ಪುವ ಕಾರಣವಿಲ್ಲ. ಆದ್ದರಿಂದ ಯಾರಾದರೂ "ನಿಮ್ಮ ಸೊಂಟದ ಮೂಳೆ ಜಾರಿದೆ, ಕೂರಿಸುತ್ತೇನೆ" ಅಂದರೆ ಕಿವಿ ನೆಟ್ಟಗಾಗಲಿ. ಆರೋಗ್ಯವಂತನ ಬೆನ್ನುಮಣಿ ಹಾಗೆಲ್ಲ ಜಾರಿ ಕೂರುವ ವಸ್ತುವಲ್ಲ.

ಮೊದಲ ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅರ್ಧ ಹೊತ್ತು ಪ್ರಶ್ನೆಗಳಿಗೇ ಹೋಗಬೇಕು: ಯಾವಾಗ, ಎಲ್ಲಿಗೆ ಎಳೆಯುತ್ತೆ, ರಾತ್ರಿ ಹೇಗೆ, ಹಿಂದಿನ ಕಾಯಿಲೆ, ಮಾತ್ರೆಗಳು. ರಕ್ತ ತೆಳುವಾಗಿಸುವ ಮಾತ್ರೆ, ಬಹುದಿನ ತಿಂದ ಸ್ಟೀರಾಯ್ಡ್, ಮೂಳೆ ಸವೆತ, ಹಿಂದೆ ಕ್ಯಾನ್ಸರ್ ಆಗಿದ್ದುದು, ಇವನ್ನು ಕೇಳದೇ ಮೇಜಿನ ಮೇಲೆ ಮಲಗಿಸುವವರಿದ್ದರೆ ಎದ್ದು ಬಾ. ಆಮೇಲೆ ಚಡ್ಡಿಯಲ್ಲಿ ನಿಲ್ಲಿಸಿ ಬಗ್ಗಿಸುತ್ತಾರೆ, ವಾಲಿಸುತ್ತಾರೆ. ಕಾಲಿಗೆ ಎಳೆತವಿದ್ದರೆ ಮಂಡಿ ಮತ್ತು ಹಿಮ್ಮಡಿಯ ಪ್ರತಿಕ್ರಿಯೆ, ಹೆಬ್ಬೆರಳಿನ ಬಲ, ಚರ್ಮದ ಸ್ಪರ್ಶ ನೋಡುತ್ತಾರೆ.

ಬಗ್ಗಿದಾಗ ನಡುಬೆರಳ ತುದಿಗೂ ನೆಲಕ್ಕೂ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆಸಿಕೋ. 28 ಸೆಂಟಿಮೀಟರ್ ಬಂತು ಅಂತಿಟ್ಟುಕೋ. ಚಿಕಿತ್ಸೆ ಮುಗಿದಾಗ ಮತ್ತೆ ಅಳೆ, ಮಾರನೇ ದಿನ ಅದೇ ಹೊತ್ತಿಗೆ ಮನೆಯಲ್ಲೂ ಅಳೆ. ಬೆರಳಿನಿಂದ ಒತ್ತಿ "ಇಲ್ಲಿ ಗಟ್ಟಿಯಾಗಿದೆ" ಅನ್ನುವುದರ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಒಬ್ಬರ ಬೆರಳಿಗೆ ಗಟ್ಟಿ ಅನ್ನಿಸಿದ್ದು ಪಕ್ಕದ ಕೋಣೆಯವರ ಬೆರಳಿಗೆ ಸಿಗದೆ ಹೋಗುವುದು ಕೈಚಿಕಿತ್ಸೆ ಮಾಡುವ ನಮ್ಮ ಕಸುಬಿನ ಗುಟ್ಟೇನೂ ಅಲ್ಲ. ಟೇಪಿಗೆ ಅಂಥ ಹಂಗಿಲ್ಲ.

ಕೈಕೆಲಸದಲ್ಲಿ ನಾಲ್ಕೈದು ಬಗೆ. ಬೆನ್ನಿನ ಉದ್ದಕ್ಕೂ ಇರುವ ಸ್ನಾಯುಗಳನ್ನು ಅಡ್ಡಡ್ಡಲಾಗಿ ತಳ್ಳಿ ಬಿಡುವುದು. ಪಕ್ಕಕ್ಕೆ ಮಲಗಿಸಿ, ಮಂಡಿಗಳನ್ನು ಹೊಟ್ಟೆಯ ಕಡೆ ಮಡಿಸಿ, ಎರಡು ಮಣಿಗಳ ಸಂದಿಯಲ್ಲಿ ಬೆರಳಿಟ್ಟು ಕಾಲುಗಳನ್ನು ತೊಟ್ಟಿಲಿನ ಹಾಗೆ ತೂಗುವುದು. ಇವು ಹಿತವಾಗಿಯೇ ಇರುತ್ತವೆ. ನಿನ್ನಂಥವನಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಮಸಲ್ ಎನರ್ಜಿ ಅನ್ನುವ ವಿಧಾನ, ಅದನ್ನು ಬಿಡಿಸಿ ಹೇಳುತ್ತೇನೆ. ಅಂಗಾತ ಮಲಗಿಸಿ, ಮಂಡಿ ಮಡಿಸದೆ ಒಂದು ಕಾಲನ್ನು ಎತ್ತುತ್ತಾರೆ. ತೊಡೆಯ ಹಿಂಭಾಗದಲ್ಲಿ ಎಳೆತ ಮೊದಲು ತಗಲಿದ ಕಡೆ ನಿಲ್ಲಿಸಬೇಕು, ನೋವಿನವರೆಗೆ ಹೋಗಬಾರದು. ಅಲ್ಲಿಂದ ನೀನು ಹಿಮ್ಮಡಿಯನ್ನು ಅವರ ಹೆಗಲಿನ ಕಡೆಗೆ ಒತ್ತಬೇಕು, ನಿನ್ನ ಬಲದಲ್ಲಿ ಐದನೇ ಒಂದು ಭಾಗದಷ್ಟು, ಐದರಿಂದ ಏಳು ಸೆಕೆಂಡು. ಬಿಡು, ಉಸಿರು ಬಿಡು, ಎರಡು ಸೆಕೆಂಡು ಸುಮ್ಮನಿರು. ಈಗ ಕಾಲು ತಾನಾಗಿ ನಾಲ್ಕು ಬೆರಳು ಮೇಲೆ ಹೋಗುತ್ತೆ. ಹೊಸ ಗಡಿಯಲ್ಲಿ ಮತ್ತೆ ಅದೇ, ಮೂರರಿಂದ ಐದು ಸಲ. ಗಂಡಸರು ಇಲ್ಲಿ ಮಾಡುವ ತಪ್ಪು ಒಂದೇ, ಕುಸ್ತಿಗೆ ಇಳಿದವರಂತೆ ಪೂರ್ತಿ ಬಲ ಹಾಕುವುದು. ಆಗ ಉಸಿರು ಕಟ್ಟುತ್ತೆ, ಬೆನ್ನು ಕಮಾನಾಗುತ್ತೆ, ಹಿಡಿತ ಇನ್ನೂ ಬಿಗಿಯುತ್ತೆ. ಒಂದು ನಿಮಿಷದಲ್ಲಿ ಸ್ನಾಯು ಉದ್ದವಾಗಿಬಿಡಲ್ಲ. ಅಷ್ಟು ಎಳೆತವನ್ನು ಸಹಿಸಲು ನರಮಂಡಲ ಒಪ್ಪಿಕೊಂಡಿರುತ್ತೆ. ಒಪ್ಪಿಗೆ ಬೇಗ ಸಿಗುತ್ತೆ, ಬಳಸದಿದ್ದರೆ ಬೇಗ ವಾಪಸ್ಸೂ ಹೋಗುತ್ತೆ.

ಇನ್ನು ಎಲ್ಲರೂ ಕೇಳುವ ಲಟಕ್. ಬೆರಳಿನ ನೆಟಿಗೆ ಮುರಿದಾಗ ಬರುವ ಶಬ್ದವೇ ಅದು. ಕೀಲಿನ ದ್ರವದಲ್ಲಿ ಒತ್ತಡ ಥಟ್ಟನೆ ಇಳಿದು ಅನಿಲದ ಪೊಳ್ಳು ಉಂಟಾಗುತ್ತೆ. ಅದಕ್ಕೇ ಅದೇ ಬೆರಳಿನಲ್ಲಿ ಇಪ್ಪತ್ತು ನಿಮಿಷ ಮತ್ತೆ ನೆಟಿಗೆ ಬರಲ್ಲ. ಶಬ್ದ ಬಂತು ಅಂದರೆ ವಾಸಿಯಾಯಿತು ಅಂತಲ್ಲ, ಬರದಿದ್ದರೆ ಕೆಟ್ಟಿತು ಅಂತಲೂ ಅಲ್ಲ. ಸೊಂಟಕ್ಕೆ ಮಾಡಿಸಿಕೊಳ್ಳಬೇಕಾದರೆ ಮಾಡಿಸಿಕೋ. ಕುತ್ತಿಗೆಗೆ ಮಾತ್ರ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಪರೂಪವಾದರೂ ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆಗಿರುವುದುಂಟು. ನಿಧಾನವಾಗಿ ಆಡಿಸುವ ವಿಧಾನದಿಂದಲೂ ಕುತ್ತಿಗೆ ನೋವಿಗೆ ಹೆಚ್ಚುಕಡಿಮೆ ಅಷ್ಟೇ ಫಲ ಸಿಗುತ್ತೆ. "ಕುತ್ತಿಗೆಗೆ ಬೇಡಿ" ಅಂದರೆ ಸಾಕು, ನಿನ್ನ ಒಪ್ಪಿಗೆ ಇಲ್ಲದೆ ಅವರು ಮಾಡುವಂತಿಲ್ಲ. ಊರಿಗೆ ಹೋದಾಗ ಸಲೂನಿನಲ್ಲಿ ತಲೆ ಹಿಡಿದು ಲಟಕ್ಕೆಂದು ತಿರುಗಿಸುತ್ತಾರಲ್ಲ, ಅದನ್ನಂತೂ ನಿನ್ನಪ್ಪನಿಗೂ ಬಿಡಿಸು.

ಚಿಕಿತ್ಸೆಯ ಮರುದಿನ ಮೈಕೈ ಸ್ವಲ್ಪ ನೊಂದರೆ ಹೆದರಬೇಡ, ಒಂದೆರಡು ದಿನದಲ್ಲಿ ಇಳಿಯುತ್ತೆ. ಹೊಸದಾಗಿ ಕಾಲು ಮರಗಟ್ಟಿದರೆ ಅದೇ ದಿನ ಫೋನ್ ಮಾಡು.

ಎಷ್ಟು ಸಲ? ಮೊದಲೆರಡು ಸಲ ವಾರಕ್ಕೊಂದರಂತೆ, ಆಮೇಲೆ ಅಂತರ ಹೆಚ್ಚಿಸಿ ಒಟ್ಟು ಮೂರರಿಂದ ಆರು. ನಾಲ್ಕನೆಯ ಸಲಕ್ಕೂ ಟೇಪಿನ ಅಳತೆಯಾಗಲಿ ಕಾಲುಚೀಲದ ಕಷ್ಟವಾಗಲಿ ಬದಲಾಗದಿದ್ದರೆ ನಿಲ್ಲಿಸಿ ಜಿಪಿಯನ್ನು ನೋಡು. ಹನ್ನೆರಡು ಸಲದ ದುಡ್ಡು ಮುಂಗಡ ಕಟ್ಟಿಸಿಕೊಳ್ಳುವ ಜಾಗಕ್ಕೆ ಹೋಗಲೇಬೇಡ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಸರಿ ಅಂತ ಹೇಳುವ ಇಲ್ಲಿನ ಸರ್ಕಾರಿ ಸಂಸ್ಥೆ ನೈಸ್, ಸೊಂಟನೋವಿನ ಬಗ್ಗೆ 2016ರಲ್ಲಿ ಕೊಟ್ಟ ಮಾರ್ಗಸೂಚಿ ಸ್ಪಷ್ಟವಾಗಿದೆ: ಕೈಚಿಕಿತ್ಸೆಯನ್ನು ಯೋಚಿಸಬಹುದು, ಆದರೆ ವ್ಯಾಯಾಮವೂ ಸೇರಿದ್ದರೆ ಮಾತ್ರ. ಸೊಂಟದ ಬೆಲ್ಟು, ಎಳೆತದ ಯಂತ್ರ, ಅಲ್ಟ್ರಾಸೌಂಡ್ ಬೇಡ ಅಂತಲೂ ಅದರಲ್ಲೇ ಇದೆ. ಎಂ.ಆರ್.ಐ.ಗೂ ಅವಸರ ಬೇಡ. ನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37ರಷ್ಟು ಜನರಿಗೆ ಡಿಸ್ಕ್ ಸವೆತವಿತ್ತು, ಎಂಬತ್ತರಲ್ಲಿ ಶೇ. 96. "ಡಿಸ್ಕ್ ಸವೆದಿದೆ" ಅನ್ನುವ ಒಂದು ಸಾಲು ಓದಿ ಬಗ್ಗುವುದನ್ನೇ ಬಿಟ್ಟವರನ್ನು ಮತ್ತೆ ಬಗ್ಗಿಸುವುದು ನೋವು ಇಳಿಸುವುದಕ್ಕಿಂತ ಕಷ್ಟ.

ಕೈಚಿಕಿತ್ಸೆಯಿಂದ ಸಿಗುವ ಸಡಿಲಿಕೆ ಎರಡು ಮೂರು ದಿನದ್ದು. ಆ ದಿನಗಳಲ್ಲಿ ಏನು ಮಾಡುತ್ತೀಯ ಅನ್ನುವುದರಲ್ಲೇ ನೀನು ಕೊಟ್ಟ ದುಡ್ಡು ವಸೂಲಾಗಬೇಕು. ಬೆಳಗ್ಗೆ ಎದ್ದ ಕೂಡಲೇ ಸೂರ್ಯನಮಸ್ಕಾರ ಮಾಡುತ್ತೀಯಂತೆ, ನಿನ್ನಮ್ಮ ಹೆಮ್ಮೆಯಿಂದ ಹೇಳಿದಳು. ಅದನ್ನು ಒಂದು ಗಂಟೆ ತಡಮಾಡು. ರಾತ್ರಿಯಿಡೀ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಹೊಸದರಲ್ಲಿ ಪೂರ್ತಿ ಮುಂದಕ್ಕೆ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹೆಚ್ಚು. ಮೊದಲು ಹತ್ತು ನಿಮಿಷ ಓಡಾಡು, ಆಮೇಲೆ ಮಾರ್ಜಾಲಾಸನ, ಅಂದರೆ ಅಂಗೈ ಮಂಡಿ ಊರಿ ಬೆಕ್ಕಿನ ಹಾಗೆ ಬೆನ್ನು ಉಬ್ಬಿಸಿ ತಗ್ಗಿಸುವುದು, ನಿಧಾನವಾಗಿ ಹತ್ತು ಸಲ. ಸಂಜೆ ಸೇತುಬಂಧ, ಅಂದರೆ ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು, ಮೇಲೆ ಐದು ಸೆಕೆಂಡು ನಿಲ್ಲಿಸಿ ಹತ್ತು ಸಲ, ಮೂರು ಸುತ್ತು. ಒಂದು ಮಂಡಿ ನೆಲಕ್ಕೂರಿ ತೊಡೆಸಂದಿನ ಮುಂಭಾಗ ಎಳೆಯುವಂತೆ ಮುಂದಕ್ಕೆ ಸರಿದು ಮೂವತ್ತು ಸೆಕೆಂಡು, ಎರಡೂ ಕಡೆ ಮೂರು ಸಲ. ಇಲ್ಲಿ ಬೆನ್ನು ಹಿಂದಕ್ಕೆ ಬಾಗಿಸಿದರೆ ಎಳೆತ ಸೊಂಟಕ್ಕೆ ಹೋಗಿ ಕೆಲಸ ಕೆಡುತ್ತೆ, ಕುಂಡೆ ಬಿಗಿ ಹಿಡಿ.

ಬಗ್ಗುವುದನ್ನೂ ಹೊಸದಾಗಿ ಕಲಿ. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಲ್ಲು. ಮಂಡಿ ಸ್ವಲ್ಪ ಸಡಿಲ. ಬೆನ್ನು ಗೂನಾಗದಂತೆ ಕುಂಡೆಯನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸು, ಮತ್ತೆ ನಿಲ್ಲು. ಹತ್ತು ಸಲ ಆದಮೇಲೆ ಎರಡು ಬೆರಳು ದೂರ ಸರಿ. ಇದು ಬಂದರೆ ಐದು ಕೆ.ಜಿ. ಅಕ್ಕಿ ಚೀಲ ಹಿಡಿದು ಮಾಡು, ವಾರ ವಾರ ಭಾರ ಏರಿಸು. ನೋವು ಹತ್ತಕ್ಕೆ ಮೂರರೊಳಗಿದ್ದು ಮರುದಿನಕ್ಕೆ ಇಳಿದರೆ ಸರಿಯಾದ ಅಳತೆ; ಏರಿದರೆ ಅರ್ಧಕ್ಕಿಳಿಸು, ಪೂರ್ತಿ ಬಿಡಬೇಡ. ಅರ್ಧ ಗಂಟೆಗೊಮ್ಮೆ ಕುರ್ಚಿಯಿಂದ ಏಳು. ದುಬಾರಿ ಕುರ್ಚಿ ಕೊಳ್ಳುವ ಯೋಚನೆಯಿದ್ದರೆ ಆ ದುಡ್ಡಿನಲ್ಲಿ ಒಳ್ಳೆಯ ಮಳೆಕೋಟು ತಗೊಂಡು ದಿನಾ ಅರ್ಧ ಗಂಟೆ ನಡಿ.

ನಿನ್ನಮ್ಮನ ಭುಜದ ವಿಷಯ ಬೇರೆ. ಸಕ್ಕರೆ ಕಾಯಿಲೆ ಇರುವವರಿಗೆ ಭುಜ ಹೆಪ್ಪುಗಟ್ಟಿದ ಹಾಗೆ ಬಿಗಿಯುವುದು ಹೆಚ್ಚು; ಒಂದರಿಂದ ಮೂರು ವರ್ಷವೂ ಹಿಡಿಯಬಹುದು. ರಾತ್ರಿ ನಿದ್ದೆ ಕೆಡಿಸುವ ಘಟ್ಟದಲ್ಲಿ ಬಲವಂತವಾಗಿ ಎಳೆಸಿಕೊಂಡರೆ ನೋವು ಕೆರಳುತ್ತೆ. ಮೂಳೆ ವೈದ್ಯರ ಹತ್ತಿರ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಕೇಳಲಿ. ಹಾಕಿಸಿಕೊಂಡರೆ ಕೆಲವು ದಿನ ಸಕ್ಕರೆ ಏರುತ್ತೆ, ಅಳೆಯುತ್ತಿರಬೇಕು. ನಮ್ಮಲ್ಲಿ ಇಲ್ಲಿನಂಥ ಕಾನೂನಿನ ಪಟ್ಟಿ ಆಸ್ಟಿಯೋಪತಿಗೆ ಇಲ್ಲದ್ದರಿಂದ, ಹಾಸನದಲ್ಲಿ ಬೋರ್ಡು ನೋಡಿ ಒಳಗೆ ಹೋಗುವುದು ಬೇಡ. ಬಿ.ಪಿ.ಟಿ. ಅಥವಾ ಎಂ.ಪಿ.ಟಿ. ಓದಿದ ಫಿಸಿಯೋಥೆರಪಿಸ್ಟ್ ಸಾಕು. ಅವಳಿಗೆ ನಾನೇ ಭಾನುವಾರ ಫೋನ್ ಮಾಡುತ್ತೇನೆ, ನೀನು ಹೇಳಿದರೆ ಕೇಳಲ್ಲ.

ಹೋಗುವ ದಿನ ಸಡಿಲವಾದ ಚಡ್ಡಿ ಹಾಕಿಕೋ, ಮಾತ್ರೆಗಳ ಪಟ್ಟಿ, ಟೇಪು ಜೊತೆಗಿರಲಿ, ಹೊಟ್ಟೆ ತುಂಬ ಉಂಡು ಹೋಗಬೇಡ. ಅಲ್ಲಿಯವರೆಗೆ ಕಾಲುಚೀಲವನ್ನು ಮಂಚದ ಮೇಲೆ ಕೂತು, ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಹಾಕಿಕೋ.

ಇಂತು,
ನಿನ್ನ ದೊಡ್ಡಮ್ಮ