ಗುಳ್ಳೆರೋಗ: ಹೊಸ ಔಷಧಕ್ಕಿಂತ ಮೊದಲು ಎರಡು ಬಾಟಲಿ

ಮಾನ್ಯ ಸಂಪಾದಕರೇ,

ಮೈಮೇಲೆ ನೀರುಗುಳ್ಳೆ ಏಳಿಸುವ ಆಟೋಇಮ್ಯೂನ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ಎರಗುವ) ರೋಗಗಳಿಗೆ ಹೊಸ ಔಷಧ ಬಂತು ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ಓದಿದವರು ‘ಆ ಇಂಜೆಕ್ಷನ್ ನಮ್ಮಲ್ಲಿ ಯಾವಾಗ ಸಿಗುತ್ತದೆ’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಈಗಾಗಲೇ ಸಾಬೀತಾದ ಚಿಕಿತ್ಸೆಯೇ ಬೈಂದೂರು, ಸುಳ್ಯದ ಕಡೆಯ ರೋಗಿಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿಲ್ಲ. ಔಷಧ ಇಲ್ಲದೆ ತಡವಾಗುವುದು ಕಡಿಮೆ. ರೋಗ ಇಂಥದ್ದೇ ಎಂದು ತಿಳಿಯುವುದೇ ತಡ.

ಈ ಗುಂಪಿನಲ್ಲಿ ಹೆಚ್ಚಾಗಿ ಕಾಣುವುದು ಎರಡು ರೋಗ. ಪೆಂಫಿಗಸ್‌ನಲ್ಲಿ ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಡೆಸ್ಮೋಗ್ಲೀನ್ 1 ಮತ್ತು 3 ಎಂಬ ಪ್ರೋಟೀನ್‌ಗಳ ಮೇಲೆ ದೇಹದ್ದೇ ಪ್ರತಿಕಾಯಗಳು (ಆ್ಯಂಟಿಬಾಡಿ, ರೋಗಾಣುಗಳೊಡನೆ ಹೋರಾಡಬೇಕಾದ ಪ್ರೋಟೀನ್) ಎರಗುತ್ತವೆ. ಗುಳ್ಳೆ ತೆಳು, ಬೇಗ ಒಡೆಯುತ್ತದೆ. ಬುಲ್ಲಸ್ ಪೆಂಫಿಗಾಯ್ಡ್‌ನಲ್ಲಿ ಏಟು ಬೀಳುವುದು ಮೇಲ್ಚರ್ಮವನ್ನು ಕೆಳಪದರಕ್ಕೆ ಬಿಗಿಯುವ ಬಿಪಿ180, ಬಿಪಿ230 ಪ್ರೋಟೀನ್‌ಗಳಿಗೆ. ಗುಳ್ಳೆ ಬಿಗಿಯಾಗಿರುತ್ತದೆ, ಬರುವುದು ಹೆಚ್ಚಾಗಿ ವಯಸ್ಸಾದವರಿಗೆ. ಎರಡೂ ಅಂಟುರೋಗವಲ್ಲ. ಪೆಂಫಿಗಸ್‌ನ ಮುಖ್ಯ ಬಗೆಯಾದ ಪೆಂಫಿಗಸ್ ವಲ್ಗಾರಿಸ್ ಅನೇಕರಲ್ಲಿ ಬಾಯಿಹುಣ್ಣಾಗಿಯೇ ಶುರುವಾಗುತ್ತದೆ, ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗುತ್ತಾ ತಿಂಗಳುಗಳು ಕಳೆಯುತ್ತವೆ. ಮೈಮೇಲೆ ಬಂದ ಮೇಲೆ ಸರ್ಪಸುತ್ತು ಎಂದು ಲೇಪ ಹಚ್ಚುತ್ತಾರೆ. ಸರ್ಪಸುತ್ತು ಸಾಮಾನ್ಯವಾಗಿ ದೇಹದ ಒಂದೇ ಪಕ್ಕಕ್ಕೆ ಪಟ್ಟಿಯಾಗಿ ಬಂದು ಕೆಲವೇ ವಾರಗಳಲ್ಲಿ ಒಣಗುತ್ತದೆ. ಎರಡೂ ಪಕ್ಕ ಹರಡಿ, ಹೊಸದಾಗಿ ಏಳುತ್ತಲೇ ಇರುವ ಗುಳ್ಳೆಯನ್ನು ಸರ್ಪಸುತ್ತು ಎಂದುಕೊಂಡು ಕೂರಬಾರದು. ಆಶ್ಲೇಷಾ ಬಲಿ ಮಾಡಿಸುವವರು ಮಾಡಿಸಲಿ, ತಕರಾರಿಲ್ಲ. ಬಯಾಪ್ಸಿಯೂ (ಚರ್ಮದ ತುಣುಕು ತೆಗೆದು ಪರೀಕ್ಷಿಸುವುದು) ಅದೇ ವಾರ ಆಗಲಿ.

ಆ ಬಯಾಪ್ಸಿಯಲ್ಲೇ ಎಡವಟ್ಟು ಜಾಸ್ತಿ. ಬೇಕಾದದ್ದು ಎರಡು ತುಣುಕು, ಎರಡು ಬೇರೆ ಬಾಟಲಿ. ಮೊದಲನೆಯದು ಹೊಸದಾಗಿ ಎದ್ದ ಗುಳ್ಳೆಯ ಅಂಚಿನಿಂದ, ಇದು ತುಣುಕು ಕೊಳೆಯದಂತೆ ಇಡುವ ಮಾಮೂಲಿ ದ್ರಾವಣವಾದ ಫಾರ್ಮಲಿನ್‌ಗೆ. ಎರಡನೆಯದು ಗುಳ್ಳೆಯ ಪಕ್ಕದ, ಒಂದು ಸೆಂ.ಮೀ. ದೂರದೊಳಗಿನ, ನೋಡಲು ಚೆನ್ನಾಗಿಯೇ ಇರುವ ಚರ್ಮದಿಂದ, 4 ಮಿ.ಮೀ. ಅಗಲಕ್ಕೆ ದುಂಡಗೆ ಕೊಯ್ಯುವ ಪಂಚ್‌ನಲ್ಲಿ. ಇದು ಚರ್ಮಕ್ಕೆ ಅಂಟಿದ ಪ್ರತಿಕಾಯಗಳನ್ನು ಹೊಳೆಯುವ ಬಣ್ಣದಿಂದ ಗುರುತಿಸುವ ಡೈರೆಕ್ಟ್ ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಗೆ, ಹೋಗಬೇಕಾದದ್ದು ಆ ಪ್ರತಿಕಾಯಗಳನ್ನು ಕೆಡದಂತೆ ಕಾಯುವ ಮಿಶೆಲ್ ದ್ರಾವಣಕ್ಕೆ. ಫಾರ್ಮಲಿನ್‌ಗೆ ಬಿದ್ದರೆ ಪ್ರೋಟೀನ್‌ಗಳು ಬಿಗಿದುಕೊಂಡು ಪ್ರತಿಕಾಯದ ಗುರುತು ಸಿಗದೆ ಹೋಗುತ್ತದೆ, ವರದಿ ‘ನೆಗೆಟಿವ್’ ಎಂದು ಬರುತ್ತದೆ, ರೋಗಿ ಇನ್ನೊಂದು ಸಲ ಕೊಯ್ಯಿಸಿಕೊಳ್ಳಬೇಕು. ತುಣುಕನ್ನು ಗುಳ್ಳೆಯಿಂದಲೇ ತೆಗೆದರೂ ತಪ್ಪು, ಅಲ್ಲಿ ಗುರುತು ಅಳಿಸಿಹೋಗಿರಬಹುದು. ಪೆಂಫಿಗಾಯ್ಡ್ ಶಂಕೆಯಿದ್ದರೆ ಮೊಣಕಾಲಿನ ಕೆಳಗಿನ ಚರ್ಮ ಬೇಡ, ಸುಳ್ಳು ನೆಗೆಟಿವ್ ಅಲ್ಲಿಂದ ಹೆಚ್ಚು ಬರುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ಮಿಶೆಲ್ ದ್ರಾವಣ ಇಲ್ಲವೇ? ಡ್ರಿಪ್‌ಗೆ ಹಾಕುವ ನಾರ್ಮಲ್ ಸಲೈನ್ ಸಾಕು, 24 ಗಂಟೆಯೊಳಗೆ ಲ್ಯಾಬ್ ತಲುಪಿದರಾಯಿತು. ಸುಳ್ಯದಿಂದ ಮಂಗಳೂರಿಗೆ, ಬೈಂದೂರಿನಿಂದ ಮಣಿಪಾಲಕ್ಕೆ ಬೆಳಗಿನ ಬಸ್ಸಿನಲ್ಲಿ ಕಳುಹಿಸಿದರೆ ಮಧ್ಯಾಹ್ನದೊಳಗೆ ಮುಟ್ಟುತ್ತದೆ. ಪೆಂಫಿಗಸ್ ಆಗಿದ್ದರೆ ಸೂಕ್ಷ್ಮದರ್ಶಕದಡಿ ಕೋಶಗಳ ನಡುವೆ ಹಸಿರಾಗಿ ಹೊಳೆಯುವ ಮೀನುಬಲೆಯಂಥ ಚಿತ್ರ ಕಾಣುತ್ತದೆ. ಪೆಂಫಿಗಾಯ್ಡ್ ಆಗಿದ್ದರೆ ಮೇಲ್ಚರ್ಮದ ಬುಡದಲ್ಲಿ ಒಂದೇ ಗೆರೆ.

ಇನ್ನು ಚಿಕಿತ್ಸೆ. ಸ್ಟೀರಾಯ್ಡ್ ಬರುವ ಮೊದಲು ಪೆಂಫಿಗಸ್ ವಲ್ಗಾರಿಸ್ ಬಂದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಸ್ಟೀರಾಯ್ಡ್ ಜೀವ ಉಳಿಸಿತು, ಜೊತೆಗೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಸೋಂಕು ತಂದಿತು. 1980ರ ದಶಕದಲ್ಲಿ ದಿಲ್ಲಿಯ ಏಮ್ಸ್‌ನ ಡಾ. ಜೆ.ಎಸ್. ಪಸ್ರಿಚಾ ರೂಪಿಸಿದ ಪಲ್ಸ್ ಪದ್ಧತಿ ದೇಶದ ತುಂಬ ಹಬ್ಬಿತು: 28 ದಿನಕ್ಕೊಮ್ಮೆ, ಮೂರು ದಿನ ಸತತವಾಗಿ 100 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್‌ನ ಡ್ರಿಪ್, ಅದರಲ್ಲಿ ಒಂದು ದಿನ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ 500 ಮಿ.ಗ್ರಾಂ. ಸೈಕ್ಲೋಫಾಸ್ಫಮೈಡ್, ನಡುವಿನ ದಿನಗಳಲ್ಲಿ ಅದರದೇ 50 ಮಿ.ಗ್ರಾಂ. ಮಾತ್ರೆ. ಅಗ್ಗದ ಚಿಕಿತ್ಸೆ, ಸಾವಿರಾರು ಜನರ ಪ್ರಾಣ ಕಾಯ್ದದ್ದು. ಆದರೆ ಸೈಕ್ಲೋಫಾಸ್ಫಮೈಡ್ ಅಂಡಾಶಯ, ವೀರ್ಯಾಣುಗಳಿಗೆ ಹಾನಿ ಮಾಡಬಲ್ಲದು. ಇನ್ನೂ ಮಕ್ಕಳು ಬೇಕೆನ್ನುವವರಿಗೆ ಇದನ್ನು ಶುರುವಿನಲ್ಲೇ ಬಿಡಿಸಿ ಹೇಳಬೇಕು.

ಚಿತ್ರ ಬದಲಿಸಿದ್ದು ರಿಟುಕ್ಸಿಮ್ಯಾಬ್ ಎಂಬ ಇಂಜೆಕ್ಷನ್. 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫ್ರಾನ್ಸ್‌ನ ಅಧ್ಯಯನದಲ್ಲಿ 90 ರೋಗಿಗಳಿದ್ದರು. ಈ ಔಷಧದ ಜೊತೆ ಅಲ್ಪಾವಧಿ ಸ್ಟೀರಾಯ್ಡ್ ಪಡೆದವರಲ್ಲಿ 89% ಮಂದಿ ಎರಡು ವರ್ಷದ ಹೊತ್ತಿಗೆ ಯಾವ ಔಷಧವೂ ಇಲ್ಲದೆ ಗುಣವಾಗಿದ್ದರು; ಸ್ಟೀರಾಯ್ಡ್ ಮಾತ್ರ ಪಡೆದವರಲ್ಲಿ 34%. ಮರುವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಪೆಂಫಿಗಸ್ ವಲ್ಗಾರಿಸ್‌ಗೆ ಒಪ್ಪಿತು. ಭಾರತದಲ್ಲೇ ತಯಾರಾಗುವ ಬಯೋಸಿಮಿಲರ್ (ಮೂಲ ಔಷಧವನ್ನೇ ಹೋಲುವ ತಯಾರಿಕೆ) 2007ರಿಂದಲೂ ಇದೆ. ಸಾಮಾನ್ಯ ಕ್ರಮ 1000 ಮಿ.ಗ್ರಾಂ., ಎರಡು ವಾರ ಬಿಟ್ಟು ಮತ್ತೆ 1000. ‘ಇಂಜೆಕ್ಷನ್ ಹಾಕಿಸಿ ತಿಂಗಳಾಯಿತು, ಗುಳ್ಳೆ ನಿಲ್ಲಲಿಲ್ಲ’ ಎಂಬ ದೂರು ಸಾಮಾನ್ಯ. ಅದು ಪ್ರತಿಕಾಯಗಳ ಮೂಲವಾದ ಬಿ ಕೋಶಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ಕೊಲ್ಲುತ್ತದೆಯೇ ಹೊರತು ರಕ್ತದಲ್ಲಿ ಆಗಲೇ ಇರುವ ಪ್ರತಿಕಾಯವನ್ನಲ್ಲ. ಅವು ಕರಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ಆಧಾರ. ಅದನ್ನು ಏಕಾಏಕಿ ಬಿಟ್ಟರೆ ರೋಗ ಕೆರಳುವುದಷ್ಟೇ ಅಲ್ಲ, ದೇಹದ್ದೇ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಕೈಕೊಟ್ಟು ರಕ್ತದೊತ್ತಡ ಕುಸಿಯಬಹುದು. ಡ್ರಿಪ್‌ಗೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ, ಅದೂ ಈಗಿನ ಸೋಂಕು ತೋರಿಸುವ ಎಚ್‌ಬಿಎಸ್‌ಎಜಿ ಒಂದೇ ಅಲ್ಲ, ಹಿಂದೆ ಆಗಿಹೋದ ಸೋಂಕನ್ನೂ ತೋರಿಸುವ ಆ್ಯಂಟಿ-ಎಚ್‌ಬಿಸಿ ಕೂಡ. ಯಕೃತ್ತಿನಲ್ಲಿ ಅಡಗಿ ಕುಳಿತ ವೈರಸ್ ಮೊದಲನೆಯದರಲ್ಲಿ ಕಾಣದಿರಬಹುದು. ಔಷಧ ಹೋದ ಮೇಲೆ ಅದು ಎದ್ದರೆ ಪ್ರಾಣಕ್ಕೇ ಸಂಚಕಾರ.

ಪೆಂಫಿಗಾಯ್ಡ್‌ನ ಲೆಕ್ಕವೇ ಬೇರೆ. ಇಳಿವಯಸ್ಸಿನ ದೇಹ ಹೆಚ್ಚು ಸ್ಟೀರಾಯ್ಡ್ ಮಾತ್ರೆ ತಾಳದು. ಮೈತುಂಬ ಗುಳ್ಳೆ ಇದ್ದವರಿಗೆ ದಿನಕ್ಕೆ 40 ಗ್ರಾಂ ಕ್ಲೋಬೆಟಾಸೋಲ್ ಎಂಬ ಪ್ರಬಲ ಸ್ಟೀರಾಯ್ಡ್ ಕ್ರೀಮ್ ಮೈಗೆಲ್ಲ ಹಚ್ಚಿದಾಗ ವರ್ಷದ ಕೊನೆಗೆ ಬದುಕುಳಿದವರು 76%, ಮಾತ್ರೆಯಲ್ಲಿ 58% ಎಂದು 2002ರಲ್ಲೇ ತಿಳಿಯಿತು. ನಮ್ಮಲ್ಲಿ ಬಟಾಣಿಯಷ್ಟು ಹಚ್ಚಿ ‘ಕ್ರೀಮ್ ನಾಟಲಿಲ್ಲ’ ಎನ್ನುತ್ತಾರೆ. ದಿನಕ್ಕೆ 200 ಮಿ.ಗ್ರಾಂ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಗುಳ್ಳೆ ಹಿಡಿಯುವುದರಲ್ಲಿ ಸ್ಟೀರಾಯ್ಡ್‌ಗಿಂತ ಸ್ವಲ್ಪ ಹಿಂದೆ, ಅಪಾಯದಲ್ಲಿ ಬಹಳ ಕಡಿಮೆ. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಡುಪಿಲುಮ್ಯಾಬ್ ಎಂಬ ಇಂಜೆಕ್ಷನ್ ಒಪ್ಪಿಗೆ ಪಡೆದದ್ದೂ ಈ ರೋಗಕ್ಕೇ, ಪೆಂಫಿಗಸ್‌ಗಲ್ಲ. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗುತ್ತವೆ. ಭರವಸೆಯ ಔಷಧಗಳೆಲ್ಲ ಗೆಲ್ಲುವುದೂ ಇಲ್ಲ. ಪೆಂಫಿಗಸ್‌ಗೆ ರಿಲ್ಜಾಬ್ರುಟಿನಿಬ್ 2021ರಲ್ಲಿ, ಎಫ್‌ಗಾರ್ಟಿಜಿಮಾಡ್ 2023ರಲ್ಲಿ ಕೊನೆಯ ಹಂತದ ಪರೀಕ್ಷೆಯಲ್ಲಿ ಸೋತವು. ಆ ಸೋಲು ಎಷ್ಟು ಪತ್ರಿಕೆಗಳಲ್ಲಿ ಬಂತು?

ಮನೆಯ ಆರೈಕೆ ಸಣ್ಣ ಮಾತಲ್ಲ. ದೊಡ್ಡ ಗುಳ್ಳೆಯ ನೀರನ್ನು ಕ್ರಿಮಿರಹಿತ (ಸ್ಟೆರೈಲ್) ಸೂಜಿಯಿಂದ ಇಳಿಸಬೇಕು, ಮೇಲಿನ ಸಿಪ್ಪೆ ಕೀಳಬಾರದು. ಒಣ ಬಟ್ಟೆ ಗಾಯಕ್ಕೆ ಅಂಟಿ ಬಿಡಿಸುವಾಗ ಚರ್ಮವನ್ನೇ ಎಳೆಯುತ್ತದೆ. ವ್ಯಾಸಲೀನ್ ಹಚ್ಚಿದ ಗಾಜ್ ಅಥವಾ ಚೆನ್ನಾಗಿ ತೊಳೆದ ಎಳೆಯ ಬಾಳೆಲೆ ಅಂಟುವುದಿಲ್ಲ. ಬಾಯಿಹುಣ್ಣಿದ್ದವರಿಗೆ ಗರಿಗರಿ ಕೋರಿರೊಟ್ಟಿ, ಚಕ್ಕುಲಿ ಬೇಡ, ಆರಿದ ಗಂಜಿ, ಬಿಸಿಯಾರಿದ ನೀರುದೋಸೆ ಸರಿ. ಮಳೆಗಾಲದಲ್ಲಿ ಹಾಸಿಗೆ ಬಟ್ಟೆ ಒಣಗದೆ ಸೋಂಕು ಬೇಗ ಹತ್ತುತ್ತದೆ. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ.

ಇಲ್ಲಿ ನಡೆಯಬೇಕಾದ ಸಂಶೋಧನೆ ದುಬಾರಿಯದ್ದೇನಲ್ಲ. ಮಣಿಪಾಲದಿಂದ ದೇರಳಕಟ್ಟೆಯವರೆಗೆ ಇಷ್ಟು ವೈದ್ಯಕೀಯ ಕಾಲೇಜುಗಳಿವೆ. ಕರಾವಳಿಯ ಗುಳ್ಳೆರೋಗಿಗಳಿಗೆಲ್ಲ ಒಂದೇ ನೋಂದಣಿ ಪುಸ್ತಕ ಇಡಲಿ. ರಿಟುಕ್ಸಿಮ್ಯಾಬ್ ಅರ್ಧ ಡೋಸ್ ನಮ್ಮವರಿಗೆ ಎಷ್ಟರಮಟ್ಟಿಗೆ ಸಾಕು ಎಂದು ಹೋಲಿಸಿ ನೋಡಲಿ, ಖರ್ಚು ಅರ್ಧವಾಗುವ ಪ್ರಶ್ನೆ ಅದು. ಪುಸ್ತಕದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗೊಂದು ಕಾಲಂ ಇರಲೇಬೇಕು. ವಿಲ್ಡಾಗ್ಲಿಪ್ಟಿನ್ ಮೊದಲಾದ ಗ್ಲಿಪ್ಟಿನ್‌ಗಳಿಗೂ ಬುಲ್ಲಸ್ ಪೆಂಫಿಗಾಯ್ಡ್‌ಗೂ ನಂಟಿದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಆ ಮಾತ್ರೆ ಈಗ ಅಗ್ಗ, ಮನೆಮನೆಯಲ್ಲೂ ಇದೆ. ಅದನ್ನು ನುಂಗುವ ಹಿರಿಯರಿಗೆ ಕಾರಣ ಗೊತ್ತಾಗದ ತುರಿಕೆ ಅಥವಾ ಗುಳ್ಳೆ ಬಂದರೆ, ತಾವಾಗಿ ನಿಲ್ಲಿಸದೆ, ಮಾತ್ರೆಯ ಪಟ್ಟಿಯನ್ನೇ ಹಿಡಿದು ವೈದ್ಯರ ಬಳಿ ಹೋಗಿ ಬದಲಿ ಮಾತ್ರೆ ಕೇಳಲಿ.

– ಚರ್ಮರೋಗ ವೈದ್ಯರು, ಉಡುಪಿ