ಅಕ್ಕನಿಗೆ, ಆಪರೇಷನ್ ವಿಚಾರ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಕ್ಕ,

ಮೊನ್ನೆ ಫೋನಿನಲ್ಲಿ ಅಮ್ಮ ಪಕ್ಕದಲ್ಲೇ ಇದ್ದಳು, ಹಾಗಾಗಿ ಎಲ್ಲ ಹೇಳಲಿಲ್ಲ. ಹೊಟ್ಟೆಗೆ ಚೀಲ ಹಾಕಿಸಿಕೊಳ್ಳುವ ಬಗ್ಗೆ ಯೋಚಿಸು ಎಂದಿದ್ದಾರೆ ಡಾಕ್ಟರು. ಇಲಿಯೋಸ್ಟಮಿ ಅಂತ. ಗಾಬರಿ ಆಗಬೇಡ, ಕ್ಯಾನ್ಸರ್ ಅಲ್ಲ. ಅದೇ ಹಳೇ ಕ್ರೋನ್ಸ್, ಕರುಳು ಊದಿಕೊಂಡು ಹುಣ್ಣಾಗುವ ಕಾಯಿಲೆ.

ಕರುಳಿನ ಹುಣ್ಣಿಗಿಂತ ಗುದದ್ವಾರದ ಪಕ್ಕದ ಫಿಸ್ಟುಲಾವೇ, ಅಂದರೆ ಕರುಳಿನಿಂದ ಚರ್ಮದವರೆಗೆ ಕೊರೆದುಕೊಂಡ ಕೀವಿನ ದಾರಿಯೇ, ನನ್ನನ್ನು ಹಣ್ಣು ಮಾಡಿರುವುದು. ಕೀವು ಒಳಗೆ ಕಟ್ಟದೆ ಹೊರಗೆ ಹರಿಯಲಿ ಅಂತ ಅದರೊಳಗೆ ಸೀಟನ್ ಅನ್ನುವ ದಾರ ಹಾಕಿದ್ದಾರೆ. ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಔಷಧಿಯ ಡ್ರಿಪ್ ಕೂಡ ನಡೆಯುತ್ತಿದೆ. ಆದರೂ ಕೂತರೆ ನೋವು. ಮನೆಯಿಂದ ಹೊರಟರೆ ದಾರಿಯಲ್ಲಿ ಟಾಯ್ಲೆಟ್ ಎಲ್ಲಿದೆ ಅನ್ನುವುದೇ ಚಿಂತೆ.

ಸಣ್ಣ ಕರುಳಿನ ಕೊನೆಯ ಭಾಗವನ್ನು ಕುಣಿಕೆಯಂತೆ ಹೊಟ್ಟೆಯ ಬಲಗಡೆ ಹೊರಗೆಳೆದು ಬಾಯಿ ಮಾಡುತ್ತಾರೆ. ಮಲ ಅಲ್ಲಿಂದಲೇ ಚೀಲಕ್ಕೆ ಬೀಳುತ್ತದೆ, ಕೆಳಗಿನ ಗಾಯಕ್ಕೆ ಬಿಡುವು ಸಿಗುತ್ತದೆ. ಕರುಳನ್ನು ಕತ್ತರಿಸಿ ತೆಗೆಯುವುದಿಲ್ಲ, ಹಾಗಾಗಿ ಮುಂದೆ ಆ ಬಾಯಿ ಮುಚ್ಚಬಹುದು. ದೊಡ್ಡ ಕರುಳನ್ನೇ ತೆಗೆದುಬಿಡುವ ದಾರಿಯೂ ಇದೆ. ಅದು ಈಗಲೇ ಬೇಡ ಅಂತ ಡಾಕ್ಟರಿಗೂ ನನಗೂ ಅನ್ನಿಸಿತು.

ನನ್ನನ್ನು ತಡೆಯುತ್ತಿರುವುದು ಒಂದೇ ಮಾತು. ನನ್ನಂಥವರಲ್ಲಿ ಹೀಗೆ ಮಾಡಿಸಿಕೊಂಡ 100 ಜನರಲ್ಲಿ ಸುಮಾರು 64 ಜನಕ್ಕೆ ಬೇಗ ಆರಾಮ ಸಿಗುತ್ತದಂತೆ. ಆದರೆ ಕೊನೆಗೆ ಚೀಲ ಬಿಟ್ಟು ಮೊದಲಿನಂತೆ ಆಗುವವರು ಸುಮಾರು 17 ಮಾತ್ರ. ಹಾಗಾಗಿ ‘ಸ್ವಲ್ಪ ತಿಂಗಳ ಮಾತು’ ಅಂತ ಅಮ್ಮನಿಗೆ ಹೇಳಬೇಡ ಅಕ್ಕ. ಮುಚ್ಚದೇ ಹೋದರೂ ಬದುಕಬಲ್ಲೆನಾ ಅಂತ ಕೇಳಿಕೊಂಡೇ ಒಪ್ಪಬೇಕು. ಬದುಕಬಲ್ಲೆ ಅನ್ನಿಸುತ್ತಿದೆ.

ಹಾಗೆ ಅನ್ನಿಸಿದ್ದು ಸ್ಟೋಮಾ ನರ್ಸ್, ಅಂದರೆ ಹೊಟ್ಟೆಯ ಈ ಬಾಯಿ, ಚೀಲ ನೋಡಿಕೊಳ್ಳುವ ನರ್ಸ್ ಹತ್ತಿರ ಕೂತ ಮೇಲೆ. ನನ್ನನ್ನು ಕೂರಿಸಿ, ಬಗ್ಗಿಸಿ, ಚರ್ಮ ಎಲ್ಲಿ ಮಡಚುತ್ತದೆ ಅಂತ ನೋಡಿದರು. ಸೀರೆ ಉಡುತ್ತೀಯಾ, ಲಂಗದ ಲಾಡಿ ಎಲ್ಲಿ ಬರುತ್ತದೆ ಅಂತಲೂ ಕೇಳಿದರು. ಅದರ ಕೆಳಗೆ ಪೆನ್ನಿನಲ್ಲಿ ಚುಕ್ಕಿ ಇಟ್ಟು, ನೀರು ತುಂಬಿದ ಚೀಲ ಅಂಟಿಸಿ ಮನೆಗೆ ಕಳಿಸಿದರು. ಅದನ್ನಿಟ್ಟುಕೊಂಡೇ ಅಡುಗೆ ಮಾಡಿದೆ, ಬಸ್ಸಿನಲ್ಲಿ ಓಡಾಡಿದೆ, ಮಲಗಿದೆ. ಯಾರೂ ಗಮನಿಸಲಿಲ್ಲ.

ದಿನಕ್ಕೆ ನಾಲ್ಕಾರು ಸಲ ಚೀಲ ಖಾಲಿ ಮಾಡಬೇಕು. ನೀರು, ಉಪ್ಪು ಹೀರಿಕೊಳ್ಳುವುದು ದೊಡ್ಡ ಕರುಳು ಅಲ್ವಾ? ಅದನ್ನು ತಪ್ಪಿಸಿ ಹೋಗುವುದರಿಂದ ಎರಡೂ ಜಾಸ್ತಿ ಹೊರಗೆ ಹೋಗುತ್ತವೆ. ಚೀಲ ಪದೇ ಪದೇ ತುಂಬಿದರೆ ಬರೀ ನೀರು ಕುಡಿದರೆ ಸಾಲದು, ಓಆರ್‌ಎಸ್ ಬೇಕು. ಮೊದಲ ಕೆಲವು ವಾರ ನಾರಿನ ಪದಾರ್ಥ ಬೇಡ, ಕಾಯಿತುರಿಯಂತೂ ಕಟ್ಟಿಕೊಳ್ಳುತ್ತದೆ. ಬಿಳಿ ಅನ್ನ, ಬಾಳೆಹಣ್ಣು ಆಗುತ್ತದೆ. ಅಮ್ಮನ ಚಟ್ನಿಪುಡಿ ಡಬ್ಬಿ ಈ ಸಲ ಕಳಿಸಬೇಡಿ.

ಆಪರೇಷನ್ನಿಗೆ ಒಪ್ಪಿದೆ ಅಂತ ಮುಂದಿನ ವಾರ ಹೇಳುವವಳಿದ್ದೇನೆ. ಅಷ್ಟರಲ್ಲಿ ನಿನಗೆ ಬೇರೆ ಏನಾದರೂ ಅನ್ನಿಸಿದರೆ ಮುಚ್ಚಿಡದೆ ಹೇಳು. ನೀನು ಒಂದೆರಡು ವಾರ ಬಂದರೆ ನನಗೆ ತುಂಬಾ ಧೈರ್ಯ. ವೀಸಾಕ್ಕೆ ಸಮಯ ಬೇಕು, ಪಾಸ್‌ಪೋರ್ಟ್ ಅವಧಿ ಎಷ್ಟಿದೆ ಅಂತ ಈಗಲೇ ನೋಡಿಕೋ. ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ